ಬೇವಿನ ಮೇ, ರತಾಳಿನ ಜನವರಿ

ಜಹಾಂಗೀರನಿಗೆ ಅಹಮದಾಬಾದು ಒಗ್ಗಲಿಲ್ಲ. 1618ರಲ್ಲಿ ಇಲ್ಲಿ ಬಿಡಾರ ಹೂಡಿದ್ದ ಬಾದಶಹ ತನ್ನ ದಿನಚರಿಯಲ್ಲಿ ಈ ಊರನ್ನು ‘ಗರ್ದಾಬಾದ್’ ಅಂದ. ಬರೀ ಧೂಳು! ಅಷ್ಟಕ್ಕೇ ಬಿಡದೆ ಬಿಸಿಗಾಳಿಯ ಸೀಮೆ ಅನ್ನಲೇ, ರೋಗಿಗಳ ಬೀಡು ಅನ್ನಲೇ, ನರಕ ಅಂತಲೇ ಕರೆಯಲೇ ಎಂದು ಲೆಕ್ಕ ಹಾಕಿದ. ಡೇರೆ, ಬೀಸಣಿಗೆ, ಆಳುಕಾಳು ಎಲ್ಲ ಇದ್ದ ಮನುಷ್ಯ. ಬೇವಿನ ಮರದಡಿ ನಿಂತು ಅರ್ಧ ಕಪ್ ಚಹಾ ಹೀರುವ ಯೋಗವೊಂದು ಮಾತ್ರ ಅವನ ಕಾಲಕ್ಕೆ ಬಂದಿರಲಿಲ್ಲ.

ನಾನು ಶಿರಸಿ ಕಡೆಯವ. ನಮ್ಮಲ್ಲಿ ಅಡಿಕೆ ಒಣಗಲಿ ಅಂತ ಅಂಗಳದ ಮೇಲೆ ಬಾಗಿದ ಕೊಂಬೆಯನ್ನು ಕಡಿಸುತ್ತಾರೆ. ನೆರಳು ಒಂದು ಆಸ್ತಿ ಎಂದು ತಿಳಿದದ್ದು ಸಾಬರಮತಿಯ ದಡಕ್ಕೆ ಬಂದ ಮೇಲೆ. 2016ರ ಮೇ 20ರಂದು ಇಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅದಕ್ಕೂ ಮೊದಲು, 2010ರ ಮೇ ತಿಂಗಳಲ್ಲಿ, ಎಂದಿನ ಲೆಕ್ಕಕ್ಕಿಂತ 1,300ಕ್ಕೂ ಹೆಚ್ಚು ಸಾವು ಕಂಡ ಊರಿದು. ಅದರ ಪಾಠವಾಗಿಯೇ 2013ರಲ್ಲಿ ಮಹಾನಗರಪಾಲಿಕೆ ಬಿಸಿಲಿಗೆಂದೇ ಒಂದು ಕ್ರಿಯಾಯೋಜನೆ ಮಾಡಿತು. ದಕ್ಷಿಣ ಏಷ್ಯಾಕ್ಕೆ ಅದೇ ಮೊದಲನೆಯದು. ಯೋಜನೆ ಓದದವರೂ ಮಧ್ಯಾಹ್ನ ಹನ್ನೆರಡಕ್ಕೆ ಸರಿದು ನಿಲ್ಲುವುದು ಬೇವಿನಡಿಗೇ. ಇಸ್ತ್ರಿಯವನ ಮೇಜು ಅಲ್ಲಿದೆ, ಕ್ಷೌರಿಕನ ಕನ್ನಡಿ ಕಾಂಡಕ್ಕೆ ನೇತುಬಿದ್ದಿದೆ, ಯಾರೋ ಪುಣ್ಯವಂತರು ಇಟ್ಟ ನೀರಿನ ಮಡಕೆಗಳಿವೆ. ಮರ ನೆಟ್ಟವನು ಯಾರು ಎಂದು ಈ ಪೈಕಿ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ.

ಬೇವಿನ ಜಾಣತನ ಅದರ ಪಂಚಾಂಗದಲ್ಲಿದೆ. ಬಿಸಿಲು ಇನ್ನೂ ಹಿತವಾಗಿರುವ ಫಾಲ್ಗುಣದ ಹೊತ್ತಿಗೆ ಎಲೆ ಉದುರಿಸಿಕೊಂಡು, ಚೈತ್ರಕ್ಕೆ ತಾಮ್ರಬಣ್ಣದ ಚಿಗುರು ತಳೆದು, ವೈಶಾಖದ ಉರಿ ಬರುವಷ್ಟರಲ್ಲಿ ಹಸಿರು ತುಂಬಿಕೊಂಡು ನಿಂತಿರುತ್ತದೆ. ಆಲದಡಿಯ ಹಾಗೆ ದಟ್ಟ ನೆರಳಲ್ಲ, ತೆಳು, ಅಡಿಯಲ್ಲಿ ಗಾಳಿಯಾಡುತ್ತದೆ. ಗುಜರಾತಿಗಳ ಹೊಸ ವರ್ಷ ದೀಪಾವಳಿಯ ಮರುದಿನ. ನಮ್ಮ ಯುಗಾದಿಯ ಬೇವು-ಬೆಲ್ಲ ಅವರಿಗಿಲ್ಲ. ಆದರೂ ಚೈತ್ರದಲ್ಲಿ ಬೇವಿನ ಹೂವಿನ ರಸವನ್ನು ಬರಿಹೊಟ್ಟೆಗೆ ಕುಡಿಯುವ ರೂಢಿ ಇಲ್ಲಿ ಗಟ್ಟಿಯಾಗಿದೆ. ಬೆಳಗಿನ ವಾಕಿಂಗಿನವರಿಗೆ ತೋಟಗಳ ಹೊರಗೆ ಲೋಟಗಳಲ್ಲಿ ಅದನ್ನು ಮಾರುತ್ತಾರೆ. ನಾವು ಬೆಲ್ಲದ ಆಸರೆಯಲ್ಲಿ ಒಂದೇ ದಿನಕ್ಕೆ ಮುಗಿಸುವ ಕಹಿಯನ್ನು ಇವರು ದಿನಗಟ್ಟಲೆ, ಮುಖ ಕಿವುಚದೆ, ಕುಡಿದುಬಿಡುತ್ತಾರೆ. ಫರಸಾಣ್ ಎಂಬ ಕರಿದ ತಿಂಡಿಗಳನ್ನು ತಿನ್ನುವ ನಾಲಗೆಗೆ ಈ ಪ್ರಾಯಶ್ಚಿತ್ತ ಬೇಕೇ ಬೇಕು ಅನ್ನಿ.

ನಡುವೆ ಅವಸರದವರೂ ಬಂದರು. ಬೇಗ ಬೆಳೆಯುತ್ತದೆ, ಸದಾ ಹಸಿರು ಎಂದು ಕೊನೊಕಾರ್ಪಸ್ ಎಂಬ ವಿದೇಶಿ ಗಿಡವನ್ನು ರಸ್ತೆ ವಿಭಜಕದಲ್ಲೂ ಹೊಸ ಬಡಾವಣೆಗಳ ಕಾಂಪೌಂಡಿನಲ್ಲೂ ಸಾಲಾಗಿ ನೆಟ್ಟರು. ಪರಾಗದಿಂದ ಅಲರ್ಜಿ, ಬೇರಿನಿಂದ ಚರಂಡಿಗೂ ಕೇಬಲ್ಲಿಗೂ ಕಂಟಕ ಎಂಬ ದೂರು ಬಂದು 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು.

ಬೇವನ್ನು ಇಷ್ಟೆಲ್ಲ ಹೊಗಳಿಯೂ, ನಮ್ಮ ಮನೆಯ ಹಿಂದಿನ ಒಂದು ತುಂಡು ಮಣ್ಣಿನಲ್ಲಿ ಏನು ಹಾಕುವುದೆಂಬ ಪ್ರಶ್ನೆ ಬಂದಾಗ ನನ್ನ ಮನಸ್ಸು ವಾಲಿದ್ದು ರತಾಳಿನ ಕಡೆಗೆ. ಕರಾವಳಿಯವರ ತೂಣಗೆಣಸು, ಕೆಲವರ ಹೆಗ್ಗೆಣಸು. ಸೂರತ್ತಿನವರು ಬರೀ ‘ಕಂದ್’ ಅನ್ನುತ್ತಾರೆ, ಜಗತ್ತಿನಲ್ಲಿ ಬೇರೆ ಗಡ್ಡೆಯೇ ಇಲ್ಲವೆಂಬಂತೆ. ಡಿಸೆಂಬರ್ ಬಂತೆಂದರೆ ತರಕಾರಿ ಗಾಡಿಗಳಲ್ಲಿ ಕೆಸರು ಮೆತ್ತಿದ, ಗಂಟುಗಂಟಾದ, ಅಷ್ಟಾವಕ್ರವಾದ ಈ ಗಡ್ಡೆ ಪ್ರತ್ಯಕ್ಷ. ಗಿರಾಕಿ ನಂಬುವುದಿಲ್ಲ, ಮಾರುವವನು ಚಾಕುವಿನಿಂದ ಒಂದು ಚಕ್ಕೆ ಎತ್ತಿ ಒಳಗಿನ ನೇರಳೆಯನ್ನು ತೋರಿಸಬೇಕು. ಆ ಬಣ್ಣ ಕಂಡ ಮೇಲೆ ಚೌಕಾಸಿಯ ದನಿ ತಾನಾಗಿ ತಗ್ಗುತ್ತದೆ.

ಚಳಿಗಾಲದ ಬೆರಕೆ ತರಕಾರಿಯ ಅಡುಗೆಯಾದ ಊಂಧಿಯುವಿನಲ್ಲಿ ಇದರದ್ದೇ ದೊಡ್ಡಸ್ತಿಕೆ. ಸುರತಿ ಪಾಪಡಿ ಅವರೆ, ಪುಟ್ಟ ಬದನೆ, ಬಾಳೆಕಾಯಿ, ಸಿಹಿಗೆಣಸು, ಮೆಂತ್ಯಸೊಪ್ಪಿನ ಮುಠಿಯಾ, ಹಸಿ ಬೆಳ್ಳುಳ್ಳಿ – ಇವೆಲ್ಲ ಎಣ್ಣೆಯಲ್ಲಿ ಒಂದರೊಳಗೊಂದು ಬೆರೆತರೂ ರತಾಳು ತನ್ನ ಅಂಚು ಬಿಟ್ಟುಕೊಡುವುದಿಲ್ಲ. ಹಲ್ಲಿಗೆ ಸಿಕ್ಕಿದಾಗ ಮೊದಲು ಗಟ್ಟಿ, ಆಮೇಲೆ ಬೆಣ್ಣೆ. ವಲಸಾಡದ ಕಡೆ ಊಂಧಿಯುವಿನ ಹಳ್ಳಿಯ ಅಕ್ಕ ಉಂಬಾಡಿಯು ಇದ್ದಾಳೆ: ಎಣ್ಣೆಯ ಗೊಡವೆಯಿಲ್ಲದೆ ಮಣ್ಣಿನ ಮಡಕೆಯೊಳಗೆ ಸೊಪ್ಪಿನ ಜೊತೆ ತುಂಬಿ, ಬಾಯಿ ಕೆಳಗೆ ಮಾಡಿಟ್ಟು, ಸುತ್ತ ಬೆಂಕಿ ಹಾಕಿ ಬೇಯಿಸುವುದು. ಸೂರತ್ತಿನ ಡುಮಸ್ ಕಡಲತೀರಕ್ಕೆ ಹೋದವರು ಸಮುದ್ರ ನೋಡಿದ್ದು ನನಗೆ ಗೊತ್ತಿಲ್ಲ. ರತಾಳಿನ ಬಿಲ್ಲೆಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ, ಮೇಲೆ ಜಜ್ಜಿದ ಕೊತ್ತಂಬರಿ ಬೀಜ, ಮೆಣಸಿನ ಕಾಳು ಉದುರಿಸಿ ಕರಿಯುವ ಪುರಿಯ ಮುಂದೆ ನಿಂತದ್ದನ್ನು ಮಾತ್ರ ನೋಡಿದ್ದೇನೆ. ನಮ್ಮ ಕಡೆಯ ಜೋಯಿಡಾದ ಕುಣಬಿಗಳು ಗಡ್ಡೆಗೆಣಸಿನ ಮೇಳದಲ್ಲಿ ಸಾಲಾಗಿ ಹರಡಿಡುವ ಗಡ್ಡೆಗಳನ್ನು ಕಂಡವರಿಗೆ, ಈ ಸಂತಾನ ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ. ಫಿಲಿಪ್ಪೀನ್ಸಿನವರು ಇದನ್ನೇ ಉಬೆ ಎಂದು ಕರೆದು ಐಸ್‌ಕ್ರೀಮಿಗೂ ಹಾಕುತ್ತಾರೆ.

ಬಳ್ಳಿಯ ಚೆಲುವೂ ಕಡಿಮೆಯದಲ್ಲ. ಮೊಳಕೆಯ ಕಣ್ಣಿರುವ ತುಂಡನ್ನು ಬೂದಿಗೆ ಒತ್ತಿ ಬೇಸಿಗೆಯ ಕೊನೆಗೆ ಹೂತರೆ, ಮಳೆ ಬಿದ್ದಮೇಲೆ ಮೂಡುವ ಕಾಂಡ ಚೌಕ. ನಾಲ್ಕು ಅಂಚಿಗೂ ಸಣ್ಣ ರೆಕ್ಕೆ. ಕಾಡುಗೆಣಸಿನ ಹಲವು ಜಾತಿಗಳು ಎಡಕ್ಕೆ ಸುತ್ತಿದರೆ ಇದು ಬಲಕ್ಕೆ ಸುತ್ತಿ ಹತ್ತುತ್ತದೆ. ಶ್ರಾವಣದಲ್ಲಿ ಜಾಲರಿ ತುಂಬ ಎಲೆ. ಆಶ್ವಿನದ ಬಿಸಿಲಿಗೆ ಕಿಟಕಿಯ ಮುಂದೆ ಪರದೆಯನ್ನೇ ಕಟ್ಟಿಬಿಡುತ್ತದೆ.

ಇದನ್ನೆಲ್ಲ ವಿವರಿಸಿದಾಗ ಎದುರುಮನೆಯ ಬಾ, ಎಂಬತ್ತರ ಮುದುಕಿ, ಪೂರ್ತಿ ಕೇಳಿಸಿಕೊಂಡು ಅಂದರು: “ದೀಕರಾ, ರತಾಳು ಜಮಾಲ್‌ಪುರದ ಮಾರ್ಕೆಟ್ಟಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತೆ. ನೆರಳು ಯಾವ ಅಂಗಡಿಯಿಂದ ತರ್ತೀಯ?”

ಮಾತು ಸರಿಯೇ. ಬಳ್ಳಿ ತೀರ ಬೇಕಾದ ಮೇ ತಿಂಗಳಲ್ಲಿ ಕೈಕೊಡುತ್ತದೆ. ಆಗ ಅದು ಮಣ್ಣಿನೊಳಗಿನ ಒಂದು ತುಂಡು, ಅಷ್ಟೆ. ಆದರೆ ಬಾ ಹೇಳದ ಇನ್ನೊಂದು ಕಡೆಯೂ ಇದೆ. ಡಿಸೆಂಬರಿನಲ್ಲಿ ಈ ಊರಿನವರು ಕುರ್ಚಿ ಎತ್ತಿಕೊಂಡು ಬಿಸಿಲು ಹುಡುಕುತ್ತಾರೆ. ಆಗ ಬೇವು ಸ್ವಲ್ಪವೂ ಸರಿಯುವುದಿಲ್ಲ, ಹಗಲಿಡೀ ಅಂಗಳವನ್ನು ತಣ್ಣಗಿಡುತ್ತದೆ. ರತಾಳಿನ ಬಳ್ಳಿ ಮಾತ್ರ ಹಳದಿಯಾಗಿ, ಒಣಗಿ, ಗೋಡೆಯನ್ನು ಬಿಸಿಲಿಗೆ ಬಿಟ್ಟುಕೊಟ್ಟು, ಗಳಿಸಿದ್ದನ್ನೆಲ್ಲ ಕೆಳಗಿಳಿಸಿಕೊಂಡಿರುತ್ತದೆ. ಗಾಳಿಪಟದ ಹಬ್ಬ ಉತ್ತರಾಯಣ ಬಂದರಂತೂ ಬೇವಿನ ಮೇಲೆ ಊರಿಗೇ ಕೋಪ: ಇಡೀ ಓಣಿಯ ಪಟಗಳನ್ನು ನುಂಗಿ ಮಾಂಜಾ ದಾರವನ್ನು ಹೊದ್ದು ನಿಲ್ಲುವ ಮರ ಅದು. ಏಪ್ರಿಲ್‌ನಲ್ಲಿ ಅದನ್ನು ಹೊಗಳಿದ ಹುಡುಗರೇ ಜನವರಿ 14ರಂದು ಕೊಡಲಿಯ ಮಾತಾಡುತ್ತಾರೆ.

ಎರಡನ್ನೂ ಒಂದೇ ಜಾಗದಲ್ಲಿ ಇಡುವಂತಿಲ್ಲ. ಬೇವಿನಡಿಯ ಅರೆಬಿಸಿಲಿನಲ್ಲಿ ಬಳ್ಳಿ ಉದ್ದ ಬೆಳೆದೀತು, ಗಡ್ಡೆ ತುಂಬದು. ಹಾಗಾಗಿ ರಸ್ತೆ ಬದಿಯ ಪಡುವಣ ಮೂಲೆಗೆ ಬೇವಿನ ಸಸಿ ಹೋಯಿತು. ಹಿಂದಿನ ಗೋಡೆಗೆ ಗೋಣಿಚೀಲದಲ್ಲಿ ಮಣ್ಣು ತುಂಬಿ ರತಾಳು. ಚೀಲದ ಲಾಭವೆಂದರೆ ಅಗೆಯುವ ಕೆಲಸವಿಲ್ಲ, ಹೊಲಿಗೆ ಕತ್ತರಿಸಿ ಸುರುವಿದರಾಯಿತು. ಗುದ್ದಲಿ ತಾಗಿದ ಗಡ್ಡೆ ಬೇಗ ಕೊಳೆಯುತ್ತದೆ. ಸಿಪ್ಪೆ ತೆಗೆಯುವಾಗ ಕೈ ತುರಿಸದಂತೆ ಎಣ್ಣೆ ಹಚ್ಚಿಕೊಳ್ಳಬೇಕು ಎಂಬುದು ಎರಡೂ ಸೀಮೆಯ ಅಡುಗೆಮನೆಗಳು ಒಪ್ಪುವ ಮಾತು.

ಮೊನ್ನೆ ಸಂಕ್ರಾಂತಿಗೆ ಇನ್ನೂ ವಾರವಿರುವಾಗಲೇ ಬಾ ಮೊಮ್ಮಗನ ಕೈಯಲ್ಲಿ ಸ್ಟೀಲ್ ಡಬ್ಬಿ ಕಳಿಸಿದ್ದರು. ಜೊತೆಗೆ ಅಪ್ಪಣೆ: ಊಂಧಿಯುಗೆ ಒಂದು ತುಂಡು ಕೊಡಬೇಕಂತೆ, ಜಮಾಲ್‌ಪುರದ್ದು ಈ ಸಲ ಚೆನ್ನಾಗಿಲ್ಲವಂತೆ, ನೇರಳೆಯದ್ದೇ ಆಗಬೇಕಂತೆ, ಬಿಳಿಯದಾದರೆ ಡಬ್ಬಿ ಖಾಲಿ ಬಂದರೂ ಸರಿಯಂತೆ.