ಕುಲಾವಿಯ ಅಳತೆ

ಬಸವೇಶ್ವರನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಮಾರ್ಗಶಿರದ ಚಳಿ ಇಳಿಯದ ಪ್ರಾತಃಕಾಲದಲ್ಲಿ, ತಂಗಿಯ ಮಗಳಿಗೆ ಹುಟ್ಟಲಿರುವ ಶಿಶುವಿಗೆಂದು ಕ್ರೋಶಾ ಕಡ್ಡಿ ಹಿಡಿದು ಕುಳಿತಾಗಲೆಲ್ಲ, ನಮ್ಮಜ್ಜಿ ಹಳೆಯ ಸೀರೆಯ ಸೆರಗಿನಿಂದ ಹೊಲಿಯುತ್ತಿದ್ದ ಕುಂಚಿಗೆಯೇ ಕಣ್ಣಮುಂದೆ ನಿಲ್ಲುವುದು. ನವಜಾತ ಶಿಶುವಿನ ಶಿರಸ್ಸಿನ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಆದುದರಿಂದ 6 ಕುಣಿಕೆಗಳಿಂದ ಆರಂಭಿಸಿ, ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ, ನೆತ್ತಿಯ ಚಕ್ರವು ಸುಮಾರು 11 ಸೆಂಟಿಮೀಟರ್ ಅಗಲವಾದೊಡನೆ ಹೆಚ್ಚಿಸುವುದನ್ನು ನಿಲ್ಲಿಸಿದರೆ, ಹೆಣಿಗೆಯು ತಾನಾಗಿ ಕೆಳಗೆ ಬಾಗಿ ಕುಲಾವಿಯ ಆಕಾರವನ್ನು ತಳೆಯುವುದು. ಉಲ್ಲನ್ನಿಗಿಂತ ಹತ್ತಿಯ ದಾರವೇ ಮೇಲೆಂದು ನನ್ನ ಮತ. ಎಳೆಯ ಚರ್ಮಕ್ಕೆ ಅದು ಚುಚ್ಚದು. ಗುಂಡಿಯನ್ನಂತೂ ಇಡಲೊಲ್ಲೆ, ಕಿತ್ತುಬಂದರೆ ಮಗುವಿನ ಬಾಯಿಗೆ ಹೋದೀತೆಂಬ ಭಯ. ಕಳೆದ ಬಾರಿ ಹೆಣೆದ ಕುಲಾವಿ ಕೆಲವೇ ವಾರಗಳಲ್ಲಿ ಬಿಗಿಯಾಯಿತು. ಅದನ್ನು ಬಿಚ್ಚಲು ಮನಸ್ಸಾಗದೆ, ಮಡಿಸಿ ಬೀರುವಿನಲ್ಲಿಟ್ಟಿದ್ದೇನೆ.