ವಾರ್ಡು ಜನರಲ್ ಆದ್ರೆ ನಮ್ಮ ಸದಸ್ಯೆ ಮನೆಗೆ ಹೋಗ್ಬೇಕಾ?

ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಇದೇ ಆಗಸ್ಟ್ 31ಕ್ಕೆ ನಮ್ಮ ಪುರಸಭೆಗೂ ಮತದಾನ ಇದೆ. 2013ರಲ್ಲಿ ನಮ್ಮ ವಾರ್ಡು ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಗಿತ್ತು. ಆಗ ಗೆದ್ದ ನಮ್ಮ ಕೇರಿಯ ಅಕ್ಕ ಐದು ವರ್ಷ ಸದಸ್ಯೆಯಾಗಿದ್ದರು. ಈ ಸಲ ರೊಟೇಶನ್‌ನಲ್ಲಿ ವಾರ್ಡು ಸಾಮಾನ್ಯಕ್ಕೆ ಬಂದಿದೆ. ಅಕ್ಕ ಮತ್ತೆ ನಾಮಪತ್ರ ಹಾಕಿದ್ದಾರೆ. ಹೋದ ಸಲ ಟಿಕೆಟ್ ಕೊಟ್ಟಿದ್ದ ಪಕ್ಷ ಈ ಸಲ "ಜನರಲ್ ವಾರ್ಡಿಗೆ ಜನರಲ್ ಕ್ಯಾಂಡಿಡೇಟೇ ಬೇಕು" ಅಂತ ಹೇಳಿ ಕೈ ತೊಳೆದುಕೊಂಡಿದೆ. ಹಾಗಾಗಿ ಪಕ್ಷೇತರ. ಪಕ್ಷದ ಹೆಸರು ಬರೆಯಲ್ಲ, ಬೇರೆ ಪಕ್ಷ ಆಗಿದ್ರೂ ಇದನ್ನೇ ಮಾಡ್ತಿತ್ತು.

ಅಕ್ಕ ಕರಪತ್ರ ಹಿಡ್ಕೊಂಡು ಮುಂದಿನ ಬೀದಿಗೆ ಹೋದಾಗ ಒಬ್ಬ ಯಜಮಾನರು ಜಗಲಿ ಮೇಲೆ ಕೂತೇ ಕೇಳಿದ್ದು: "ನಿಮ್ಮ ಸರದಿ ಮುಗೀತಲ್ಲಮ್ಮ, ಈಗ ನಮ್ಮೋರಿಗೆ ಬಿಟ್ಟುಕೊಡು." ಐದು ವರ್ಷ ಪುರಸಭೆ ಸದಸ್ಯೆ ಆಗಿದ್ದವರಿಗೆ ಏಕವಚನ. ಅದೇ ಯಜಮಾನರು ಪಕ್ಕದ ವಾರ್ಡಿನ ಸದಸ್ಯನನ್ನ, ವಯಸ್ಸಲ್ಲಿ ತಮ್ಮ ಮಗನಿಗಿಂತ ಚಿಕ್ಕವನನ್ನ, 'ಬನ್ನಿ ಕೂತ್ಕೊಳ್ಳಿ' ಅಂತಾರೆ. ಇದೇನು ಹೊಸದಲ್ಲ ಬಿಡಿ.

ನನಗೆ ಯೋಚನೆ ಹತ್ತಿಸಿದ್ದು ನಮ್ಮ ಕೇರಿಯೊಳಗಿನ ಮಾತು. ನಮ್ಮ ದೊಡ್ಡಪ್ಪನೇ ಹೇಳಿದ್ರು: "ಅವರ ಸೀಟಿಗೆ ಕೈ ಹಾಕಿದ್ರೆ ನಾಳೆ ಗದ್ದೆ ಕೆಲಸಕ್ಕೆ ಕರೀತಾರೇನಪ್ಪ? ಅಂಗಡೀಲಿ ಸಾಲ ಕೊಡ್ತಾರಾ? ನಮ್ಮ ಸೀಟು ಬಂದಾಗ ನಿಂತ್ಕೊಳ್ಳೋಣ." ದೊಡ್ಡಪ್ಪನ ಭಯಕ್ಕೆ ಕಾರಣ ಇದೆ, ಅದನ್ನ ಹೇಡಿತನ ಅಂತ ಕರೆಯೋಕೆ ನನಗೆ ಬಾಯಿಲ್ಲ. ಕೂಲಿಗೆ ಹೋಗೋದು ಅವರು, ಆಫೀಸಿನ ಫ್ಯಾನ್ ಕೆಳಗೆ ಕೂರೋದು ನಾನು. 1996ರಲ್ಲಿ ತಮಿಳುನಾಡಿನ ಮೇಲವಳವು ಪಂಚಾಯ್ತಿಗೆ ಅಧ್ಯಕ್ಷರಾಗಿ ಗೆದ್ದ ಮುರುಗೇಶನ್ ಅವರನ್ನ 1997ರ ಜೂನ್ 30ರಂದು ಜೊತೆಗಿದ್ದವರ ಸಮೇತ ಕಡಿದು ಹಾಕಿದ್ರು. ಅದು ಮೀಸಲು ಸ್ಥಾನವೇ ಆಗಿತ್ತು. ಅಂದ್ರೆ 'ನಮ್ಮ ಸೀಟು' ಅಂತ ಬರೆದಿಟ್ಟ ಕಡೆಯೂ ಸುಮ್ಮನೆ ಕೂರೋಕೆ ಬಿಡಲ್ಲ. ಮೀಸಲು ವಾರ್ಡಿಗೆ ಕಾಯ್ತಾ ಕೂತ್ರೆ ಭಯ ತಪ್ಪುತ್ತೆ ಅನ್ನೋದು ಎಲ್ಲಿಯ ಲೆಕ್ಕ?

'ಅವರ ಸೀಟು' ಅನ್ನೋ ಮಾತನ್ನೂ ಸ್ವಲ್ಪ ನೋಡೋಣ. ಸಂವಿಧಾನದ 74ನೇ ತಿದ್ದುಪಡಿಯ 243-ಟಿ ವಿಧಿ ಹೇಳೋದು ಇಷ್ಟೇ: ಜನಸಂಖ್ಯೆಗೆ ತಕ್ಕಷ್ಟು ಸ್ಥಾನ ಪರಿಶಿಷ್ಟರಿಗೆ ಮೀಸಲಿಡಬೇಕು, ಅವನ್ನ ಬೇರೆ ಬೇರೆ ವಾರ್ಡುಗಳಿಗೆ ಸರದಿ ಪ್ರಕಾರ ಹಂಚಬಹುದು. ಮಿಕ್ಕಿದ ಸ್ಥಾನ ಮೇಲ್ಜಾತಿಗೆ ಅಂತ ಎಲ್ಲೂ ಬರೆದಿಲ್ಲ. ಸಾಮಾನ್ಯ ಅಂದ್ರೆ ಯಾರು ಬೇಕಾದ್ರೂ ನಿಲ್ಲಬಹುದಾದ ಸ್ಥಾನ. ಆ 'ಯಾರು ಬೇಕಾದ್ರೂ' ಒಳಗೆ ನಾವೂ ಇದ್ದೀವಿ. ಸರದಿ ಸುತ್ತೋದು ವಾರ್ಡಿನ ಮೀಸಲಾತಿ, ನಮ್ಮ ಹಕ್ಕಲ್ಲ.

ಇದು ಕೋರ್ಟಿನಲ್ಲಿ ಇತ್ಯರ್ಥ ಆಗಿ ದಶಕಗಳೇ ಆಯ್ತು. ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೀತಿದ್ದೀನಿ. 1957ರ ಲೋಕಸಭಾ ಚುನಾವಣೆಯಲ್ಲಿ ಆಂಧ್ರದ ಪಾರ್ವತಿಪುರಂ ಇಬ್ಬರು ಸದಸ್ಯರ ಕ್ಷೇತ್ರ. ಒಂದು ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲು, ಇನ್ನೊಂದು ಸಾಮಾನ್ಯ. ಅತಿ ಹೆಚ್ಚು ಮತ ಪಡೆದ ಇಬ್ಬರೂ ಆದಿವಾಸಿಗಳೇ! ಒಬ್ಬರನ್ನ ಮೀಸಲು ಸ್ಥಾನಕ್ಕೆ, ಎರಡನೆಯವರಾದ ದಿಪ್ಪಲ ಸೂರಿ ದೊರ ಅವರನ್ನ ಸಾಮಾನ್ಯ ಸ್ಥಾನಕ್ಕೆ ಆಯ್ಕೆ ಅಂತ ಘೋಷಿಸಿದರು. 565 ಮತದಿಂದ ಸೋತವರು ವಿ.ವಿ. ಗಿರಿ. ಹೌದು, ಮುಂದೆ ರಾಷ್ಟ್ರಪತಿ ಆದ ಅದೇ ಗಿರಿ. ಮೀಸಲು ಸ್ಥಾನಕ್ಕೆ ನಿಂತವರು ಸಾಮಾನ್ಯ ಸ್ಥಾನ ತಗೊಳ್ಳೋ ಹಾಗಿಲ್ಲ ಅಂತ ಅವರು ಸುಪ್ರೀಂ ಕೋರ್ಟ್ ತನಕ ಹೋದ್ರು. 1959ರಲ್ಲಿ ಕೋರ್ಟ್ ಒಪ್ಪಲಿಲ್ಲ. ಮೀಸಲಾತಿ ಸಿಕ್ಕಿದೆ ಅನ್ನೋ ಕಾರಣಕ್ಕೆ ಸಾಮಾನ್ಯ ಸ್ಥಾನದ ಹಕ್ಕು ಹೋಗಲ್ಲ ಅಂತ ತೀರ್ಪಾಯ್ತು. ಆಮೇಲೆ 1961ರಲ್ಲಿ ಇಬ್ಬರು ಸದಸ್ಯರ ಕ್ಷೇತ್ರಗಳನ್ನೇ ಕಾಯ್ದೆ ಮಾಡಿ ತೆಗೆದುಹಾಕಿದರು.

"ಮೀಸಲಾತಿ ಯಾಕೆ, ತಾಕತ್ತಿದ್ರೆ ಜನರಲ್‌ನಲ್ಲಿ ಬಂದು ಗೆಲ್ಲಿ" ಅಂತ ದಿನಾ ಪೋಸ್ಟ್ ಹಾಕೋರು ನನ್ನ ಫ್ರೆಂಡ್ ಲಿಸ್ಟಿನಲ್ಲೂ ಇದ್ದಾರೆ. ಇಲ್ಲೊಬ್ಬರು ಬಂದಿದ್ದಾರೆ ಸ್ವಾಮಿ, ಈಗ ಯಾಕೆ ಮುಖ ಗಂಟು?

ಈಗ ವೋಟಿನ ಲೆಕ್ಕಕ್ಕೆ ಬರ್ತೀನಿ. ಮೀಸಲು ವಾರ್ಡು ಅಂದ್ರೆ ಕೇರಿಯವರೇ ಜಾಸ್ತಿ ಇರೋ ವಾರ್ಡು ಅಂತ ತಿಳಿದವರಿದ್ದಾರೆ. ನಮ್ಮ ವಾರ್ಡಿನಲ್ಲಿ ನಾವು ಹೆಚ್ಚೂಕಮ್ಮಿ ಮೂರರಲ್ಲೊಂದು ಪಾಲು. 2013ರಲ್ಲಿ ನಮ್ಮವರೇ ನಾಲ್ಕು ಜನ ನಿಂತ್ರು. ನಮ್ಮ ವೋಟು ನಾಲ್ಕು ತುಂಡಾಯ್ತು. ಮಿಕ್ಕ ಎರಡು ಪಾಲು ವೋಟು ಯಾರ ಕಡೆ ಹೋಯ್ತೋ ಅವರು ಗೆದ್ರು. ನಿಜ ಹೇಳ್ಬೇಕು ಅಂದ್ರೆ ಅಕ್ಕನನ್ನ ಆಗ ಗೆಲ್ಲಿಸಿದ್ದು ಮುಂದಿನ ಬೀದಿ. 'ಪಾಪ, ಎದುರು ಮಾತಾಡಲ್ಲ, ಹೇಳಿದ ಕಡೆ ಸಹಿ ಹಾಕ್ತಾಳೆ' ಅನ್ನೋದೇ ಅವರು ನೋಡಿದ್ದ ಅರ್ಹತೆ.

ಬಾಬಾಸಾಹೇಬರು 1932ರಲ್ಲೇ ಹೆದರಿದ್ದು ಇದಕ್ಕೆ. ಬ್ರಿಟಿಷರ ಕೋಮುವಾರು ತೀರ್ಪಿನಲ್ಲಿ ನಮಗೆ ಪ್ರಾಂತೀಯ ಶಾಸನಸಭೆಗಳಲ್ಲಿ ಸಿಕ್ಕಿದ್ದ ಸ್ಥಾನ 71. ಆದರೆ ಅವನ್ನ ಆರಿಸೋರು ನಾವೇ, ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ನಮಗೊಂದು ವೋಟು. ಯರವಾಡ ಜೈಲಿನ ಉಪವಾಸ ಆಗಿ ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಸ್ಥಾನ 148ಕ್ಕೆ ಏರಿತು, ಕೊನೆಗೆ ಆರಿಸೋ ಕೈ ಮಾತ್ರ ಅವರದಾಯ್ತು.

ನಮ್ಮ ವಾರ್ಡಿನಲ್ಲಿ ಈ ಸಲ ಅದು ಉಲ್ಟಾ ಹೊಡೆದಿದೆ. ಸಾಮಾನ್ಯ ಸೀಟು ಅಂತ ಮುಂದಿನ ಬೀದಿಯಿಂದಲೇ ನಾಲ್ಕು ಜನ ನಿಂತಿದ್ದಾರೆ. ಇಬ್ಬರಂತೂ ದಾಯಾದಿಗಳು, ಯಾರೂ ಹಿಂದೆ ಸರಿಯಲ್ಲ. ಒಡೆಯೋದು ಅವರ ವೋಟು. ನಮ್ಮ ಕಡೆಯಿಂದ ಒಬ್ಬರೇ. ಕೇರಿಯ ಒಂದು ಪಾಲು ಒಟ್ಟಿಗೆ ನಿಂತ್ರೆ, ಅಲ್ಪಸಂಖ್ಯಾತರ ಬೀದಿಯ ಅಣ್ಣತಮ್ಮಂದಿರು ಕೈ ಜೋಡಿಸಿದ್ರೆ, ಯಾರ ಜಗಲಿ ಮುಂದೆಯೂ ನಿಲ್ಲದೆ ನಮ್ಮ ಪ್ರತಿನಿಧಿಯನ್ನ ಮೊದಲ ಸಲ ನಾವೇ ಆರಿಸಬಹುದು. ಮೀಸಲು ವಾರ್ಡಿನಲ್ಲಿ ಆಗದೇ ಇದ್ದದ್ದು ಸಾಮಾನ್ಯ ವಾರ್ಡಿನಲ್ಲಿ ಆಗೋ ಹಾಗಿದೆ. ಈ ಲೆಕ್ಕ ಮುಂದಿನ ಬೀದಿಗೂ ಗೊತ್ತು. 'ಸರದಿ ಮುಗೀತು' ಅನ್ನೋ ಮಾತು ಅದಕ್ಕೇ ಇಷ್ಟು ಜೋರಾಗಿ ಬರ್ತಿರೋದು.

ಇನ್ನೊಂದು ಮಾತು, ಕೆಲವರಿಗೆ ಇಷ್ಟ ಆಗಲ್ಲ. ಅಕ್ಕ ಎಡಗೈಯವರು, ನಾನು ಬಲಗೈ. "ನಮ್ಮವಳಲ್ಲ ಬಿಡು" ಅಂತ ನಮ್ಮ ಬೀದಿಯಲ್ಲೇ ಪಿಸುಗುಡೋರಿದ್ದಾರೆ. ಜಗಲಿ ಮೇಲೆ ಕೂತ ಯಜಮಾನರು ಏಕವಚನ ಬಳಸುವಾಗ ಎಡ ಬಲ ನೋಡಲ್ಲ.

ಹಾಗಂತ ನಮ್ಮ ಜಾತಿ ಅನ್ನೋ ಒಂದೇ ಕಾರಣಕ್ಕೆ ವೋಟು ಹಾಕಿ ಅಂತ ನಾನು ಹೇಳ್ತಿಲ್ಲ. ಕರಪತ್ರ ಓದಿ. ಮಾಮೂಲಿ 'ಮತ್ತೊಮ್ಮೆ ಆಶೀರ್ವದಿಸಿ' ಇದೆ (ಆ ಪದ ನನಗೆ ಆಗಲ್ಲ, ಮತದಾರರೇನು ಮಠದ ಸ್ವಾಮಿಗಳಾ?). ಹಿಂದಿನ ಪುಟದಲ್ಲಿ ಎರಡು ಪಟ್ಟಿ ಇದೆ. ಒಂದು 'ಆಗಿದ್ದು', ಇನ್ನೊಂದು 'ಆಗದೇ ಉಳಿದದ್ದು'. ಬಿ.ಕಾಂ ಓದ್ತಿರೋ ಮಗಳು ಕೂತು ಬರೆದಿದ್ದಂತೆ. ಆಗದೇ ಉಳಿದ ಕೆಲಸವನ್ನ ತಾವೇ ಅಚ್ಚು ಹಾಕಿಸಿ ಹಂಚಿದ ಅಭ್ಯರ್ಥಿಯನ್ನ ನಾನಂತೂ ಇದೇ ಮೊದಲು ನೋಡಿದ್ದು. ಸ್ಮಶಾನದ ದಾರಿ, ಕೇರಿಗೆ ಒಳಚರಂಡಿ, ಪೌರಕಾರ್ಮಿಕರ ಮನೆ, ಮೂರೂ ಆ ಪಟ್ಟಿಯಲ್ಲಿವೆ.

'ಆಗಿದ್ದು' ಪಟ್ಟಿಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಸಾಲು: ಶೇ.24.10ರ ಹಣ. ಪುರಸಭೆ ತನ್ನ ಸ್ವಂತ ಆದಾಯದಲ್ಲಿ ಶೇ.24.10ರಷ್ಟನ್ನ ಪರಿಶಿಷ್ಟ ಜಾತಿ, ಪಂಗಡಕ್ಕೆ ತೆಗೆದಿಡಬೇಕು. ಆಗ್ತಿದ್ದದ್ದೇನು? ಮುಂದಿನ ಬೀದಿಗೆ ಕಾಂಕ್ರೀಟ್ ಹಾಕೋದು, ಅದರ ತುದಿ ಕೇರಿಗೆ ತಾಗುತ್ತೆ ಅಂತ ಪೂರ್ತಿ ಬಿಲ್ಲನ್ನ ಈ ಲೆಕ್ಕಕ್ಕೆ ಬರೆಯೋದು. ರಾಜ್ಯಮಟ್ಟದಲ್ಲೂ ಇದೇ ಚಾಳಿ ಇತ್ತು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯೊಳಗೇ 7(ಡಿ) ಅಂತ ಒಂದು ಕಲಂ ಇಟ್ಟು, ಎಲ್ಲರಿಗೂ ಮಾಡಿದ ರಸ್ತೆ, ನೀರಾವರಿ ಖರ್ಚಿನಲ್ಲಿ ಒಂದು ಪಾಲನ್ನ ನಮ್ಮ ಹಣದಿಂದ ತೋರಿಸೋಕೆ ದಾರಿ ಮಾಡಿಕೊಂಡಿದ್ದರು (ಆ ಕಲಂ 2023ರಲ್ಲಿ ರದ್ದಾಯ್ತು). ಮೊದಲೆರಡು ವರ್ಷ ಅಕ್ಕನೂ ಹೇಳಿದ ಕಡೆ ಸಹಿ ಹಾಕಿದ್ರು. ಮೂರನೇ ವರ್ಷ ಸಾಮಾನ್ಯ ಸಭೆಯಲ್ಲಿ ಕ್ರಿಯಾ ಯೋಜನೆ ಓದಿ ಹೇಳಿ ಅಂತ ಮುಖ್ಯಾಧಿಕಾರಿಯನ್ನ ಕೇಳಿದ್ರು. "ನಿಮ್ಮ ಯಜಮಾನರಿಗೆ ಹೇಳ್ತೀವಿ ಬಿಡಿ" ಅಂದ್ರಂತೆ. "ಗೆದ್ದಿರೋದು ನಾನು, ನನಗೇ ಹೇಳಿ" ಅಂದ್ರು. ಆ ವರ್ಷ ಕೇರಿ ಹಣ ಕೇರಿಗೇ ಬಂತು. ನಾವು ಆ ದಾಖಲೆಗಳನ್ನ ಮಾಹಿತಿ ಹಕ್ಕಿನಲ್ಲಿ ತೆಗೆಸಿ ಓದಿದ್ದೀವಿ. ಕಡತ ಓದೋದು ನನ್ನ ಹೊಟ್ಟೆಪಾಡಿನ ಕೆಲಸ, ಲೆಕ್ಕ ಸರಿ ಇತ್ತು. ಅಲ್ಲಿಂದಲೇ ಅವರು ಮುಂದಿನ ಬೀದಿಗೆ ಬೇಡವಾದದ್ದು.

ನನ್ನ ತಕರಾರೂ ಇದೆ. ಹೋದ ವರ್ಷ ಗುತ್ತಿಗೆ ಪೌರಕಾರ್ಮಿಕರು ಬಾಕಿ ಸಂಬಳಕ್ಕೆ ಪುರಸಭೆ ಮುಂದೆ ಕೂತಾಗ ಅಕ್ಕ ಮೊದಲ ದಿನ ಬಂದರು, ಎರಡನೇ ದಿನದಿಂದ ಬರಲಿಲ್ಲ. ಪಕ್ಷದಿಂದ ಫೋನ್ ಬಂದಿತ್ತು ಅನ್ನೋದು ಊರಿಗೆಲ್ಲ ಗೊತ್ತು. ಅಲ್ಲಿ ಕೂತಿದ್ದವರಲ್ಲಿ ಅವರ ಸ್ವಂತ ಚಿಕ್ಕಮ್ಮನೂ ಇದ್ದರು. ಕರಪತ್ರದ ಎರಡೂ ಪಟ್ಟಿಯಲ್ಲಿ ಈ ವಿಷಯ ಇಲ್ಲ. ಈಗ ಫೋನ್ ಮಾಡೋಕೆ ಪಕ್ಷ ಇಲ್ಲ ಅನ್ನೋದು ಒಳ್ಳೇದೇ, ಆದರೆ ಉತ್ತರ ಬೇಕು.

ಭಾನುವಾರ ಸಂಜೆ 6ಕ್ಕೆ ಅಂಬೇಡ್ಕರ್ ಭವನದಲ್ಲಿ ಅಕ್ಕ ಮಾತಾಡ್ತಾರೆ. ಮೊದಲ ಪ್ರಶ್ನೆ ಇದೇ, ನಾನೇ ಕೇಳ್ತೀನಿ. ಅವರಿಗೆ ಮುಂಚೆಯೇ ಹೇಳಿದ್ದೀನಿ, "ಕೇಳಣ್ಣ, ಎಲ್ಲರ ಮುಂದೇನೇ ಕೇಳು" ಅಂದ್ರು. ದೊಡ್ಡಪ್ಪನನ್ನೂ ಕರ್ಕೊಂಡು ಬರ್ತೀನಿ. ಕೂಲಿ ಬಿಡಿಸ್ತೀವಿ ಅಂತ ಯಾರಾದ್ರೂ ಹೆದರಿಸಿದ್ರೆ ಯಾರು, ಎಲ್ಲಿ, ಯಾವತ್ತು ಅಂತ ಬರೆದುಕೊಂಡು ಬನ್ನಿ. ವೋಟಿಗಾಗಿ ದಲಿತರನ್ನ ಬೆದರಿಸೋದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ, ಅರ್ಜಿ ಅಲ್ಲೇ ಕೂತು ಬರೆಯೋಣ. ಕೂಲಿ ಮುಗಿಸಿ ಬರೋ ಹೆಂಗಸರಿಗೋಸ್ಕರ ಸಭೆ ಬೇಕಾದ್ರೆ ಅರ್ಧ ಗಂಟೆ ತಡವಾಗಿ ಶುರು ಮಾಡ್ತೀವಿ.

ಜೈ ಭೀಮ್.