ಪಟ್ಟಿಯಲ್ಲಿಲ್ಲದ ಮನೆಗಳು

ಕುಂದಾಪುರ ತಾಲೂಕಿನ ಕೆರಾಡಿಯ ಹೆಸರು ಈಗ ನಾಡಿಗೆಲ್ಲ ಗೊತ್ತು. ರಿಷಬ್ ಶೆಟ್ಟಿಯವರ ಹುಟ್ಟೂರು ಇದು. 2022ರ 'ಕಾಂತಾರ' ಚಿತ್ರೀಕರಣ ನಡೆದದ್ದೂ ಇಲ್ಲೇ. ಹೊರಗಿನಿಂದ ಬಂದವರು ಮೂಡುಗಲ್ಲಿನ ಗುಹಾ ದೇವಾಲಯದಲ್ಲಿ ಮೀನುಗಳ ನಡುವೆ ನೀರಿನಲ್ಲಿ ನಡೆದು, ಕೇಶವನಾಥೇಶ್ವರನನ್ನು ನೋಡಿ ಹೋಗುತ್ತಾರೆ. ಆದರೆ ದಾರಿಯ ಬದಿಯ ಹಳೆಯ ಮನೆಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮರದ ಮುಚ್ಚಿಗೆ, ಕೆತ್ತನೆಯ ಕಂಬಗಳ ಚಾವಡಿ. ಇಂಥ ಮನೆಗಳು ನಮ್ಮ ಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಕೆಡಹುವವರನ್ನು ನಾವು ದೂರುವಂತಿಲ್ಲ. "ಎಂತ ಮಾಡುದ್ ಮಾರಾಯ್ರೆ, ಮಳಿಗಾಲ ಬಂದ್ರೆ ಮಾಡ್ ಸೋರತ್ತ್, ಹಂಚ್ ತಿರ್ಗ್ಸುಕೆ ಜನ ಸಿಕ್ಕುದಿಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಮಕ್ಕಳು ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳಲ್ಲಿ. ಕೂಡು ಕುಟುಂಬ ಪಾಲಾಗಿದೆ. 1974ರ ಭೂಸುಧಾರಣೆಯ ಬಳಿಕ ಗೇಣಿ ಅಕ್ಕಿ ಬರುವುದು ನಿಂತಿತು. ಉತ್ತವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಆ ಅಕ್ಕಿಯಿಂದ ನಿಂತಿದ್ದ ದೊಡ್ಡ ಮನೆಗಳಿಗೆ ಬೇರೆ ಆಧಾರ ಹುಟ್ಟಲಿಲ್ಲ. ಕೊನೆಗೆ ಮರದ ವ್ಯಾಪಾರಿ ಬರುತ್ತಾನೆ, ಕಂಬ ಬಾಗಿಲುಗಳು ಲಾರಿ ಹತ್ತುತ್ತವೆ.

ಸರಕಾರದ ರಕ್ಷಣೆ ಇಲ್ಲವೇ ಎಂದು ಕೇಳಬಹುದು. ಇದೆ. 1958ರ ಪುರಾತನ ಸ್ಮಾರಕಗಳ ಕೇಂದ್ರ ಕಾಯ್ದೆ ಇದೆ, 1961ರ ರಾಜ್ಯ ಕಾಯ್ದೆ ಇದೆ. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದೇನನ್ನೂ ಕಟ್ಟುವಂತಿಲ್ಲ. ನಮ್ಮ ಉಡುಪಿ ಜಿಲ್ಲೆಯಲ್ಲಿ ಕಾರ್ಕಳದ ಗೊಮ್ಮಟ (1432), ಚತುರ್ಮುಖ ಬಸದಿ (1586) ಹೀಗೆ ಉಳಿದುಕೊಂಡಿವೆ. ಅದು ಆಗಬೇಕಾದದ್ದೇ. ಆದರೆ ಈ ಪಟ್ಟಿಗಳು ಮುಖ್ಯವಾಗಿ ಅರಸರ ಮತ್ತು ದೇವರ ಕಲ್ಲಿನ ಕಟ್ಟಡಗಳದ್ದು. ಜನ ಬದುಕುವ ಮರದ ಮನೆ ಅದರಲ್ಲಿ ಸೇರುವುದು ತೀರಾ ಅಪರೂಪ.

ಆ ಕೊರತೆಯನ್ನು ಕಂಡವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಕೆಡಹಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ 'ಹಸ್ತಶಿಲ್ಪ' ಎಂಬ ಪರಂಪರೆಯ ಹಳ್ಳಿಯನ್ನೇ ಕಟ್ಟಿದರು, 2017ರಲ್ಲಿ ತೀರಿಕೊಂಡರು. ನಮ್ಮ ಪಕ್ಕದ ಹರ್ಕೂರಿನ ಒಳಗಿನ ಮನೆ ಅಲ್ಲಿದೆ. ಭಟ್ಕಳದ ನವಾಯತ ಮುಸ್ಲಿಮರ ಮನೆಯೂ ಅಲ್ಲಿದೆ. ಎರಡನ್ನೂ ನೋಡುವಾಗ ನಮಗೆ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ. ಮರ ಉಳಿಯಿತು, ಆದರೆ ಆ ಮನೆಯ ಬಾವಿ, ಗದ್ದೆ, ನೆರೆಹೊರೆ ಊರಲ್ಲೇ ಉಳಿದವು. ಮನೆ ಉಳಿಯಬೇಕಾದರೆ ಊರು ಬಿಡಲೇಬೇಕೆ?

ಬೇಡ ಎನ್ನುತ್ತದೆ ಸ್ಕಾಟ್ಲೆಂಡಿನ ಅನುಭವ. ಅಲ್ಲಿ 1947ರ ಕಾನೂನಿನಿಂದ ಶುರುವಾದ ಪಟ್ಟಿಯಲ್ಲಿ ಈಗ ಸುಮಾರು 47,000 ನಮೂದುಗಳಿವೆ. ಕೋಟೆ, ಚರ್ಚುಗಳ ಜೊತೆಗೆ ರೈತರ ಮನೆ, ಸೇತುವೆ, ಮೈಲುಗಲ್ಲು, ಟೆಲಿಫೋನ್ ಪೆಟ್ಟಿಗೆ ಕೂಡ ಅದರಲ್ಲಿವೆ. ಪ್ಯಾರಿಷ್ ಎಂಬ ಗ್ರಾಮ ಘಟಕಗಳ ಲೆಕ್ಕದಲ್ಲಿ ಎಣಿಸಿದ್ದರಿಂದ ಸಣ್ಣ ಹಳ್ಳಿಯೂ ಬಿಟ್ಟುಹೋಗಲಿಲ್ಲ. ಮಹತ್ವಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ಮೂರು ದರ್ಜೆ. ಮಾಲೀಕ ಆ ಮನೆಯಲ್ಲೇ ಬದುಕಬಹುದು, ಮಾರಬಹುದು. ಅದರ ಸ್ವರೂಪ ಬದಲಿಸಲು ಅಥವಾ ಕೆಡಹಲು ಮಾತ್ರ ಅನುಮತಿ ಬೇಕು.

ನಮ್ಮಲ್ಲಿ ಹಳೆಯ ಮನೆ ಉಳಿಸುವುದೆಂದರೆ ಹಳೆಯ ಕಾಲವನ್ನು ಹೊಗಳುವುದಲ್ಲ. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗುಲಿ ಹತ್ತಬಹುದು, ಯಾರು ಚಾವಡಿಯಲ್ಲಿ ಕೂರಬಹುದು ಎಂಬ ಲೆಕ್ಕ ಆ ಮನೆಗಳ ರಚನೆಯಲ್ಲೇ ಇದೆ. ಅದೂ ಉಳಿಯಲಿ. ಮನೆಯೇ ಇಲ್ಲವಾದರೆ ಆ ಅನ್ಯಾಯವನ್ನು ಮಕ್ಕಳಿಗೆ ತೋರಿಸುವುದಾದರೂ ಹೇಗೆ?

ಈ ಮಾತು ನಮ್ಮ ಮಸೀದಿಗಳಿಗೂ ಅನ್ವಯಿಸುತ್ತದೆ. ಕರಾವಳಿಯ ಹಳೆಯ ಮಸೀದಿಗಳಿಗೆ ಗುಮ್ಮಟವಿರಲಿಲ್ಲ, ಎತ್ತರದ ಮಿನಾರ ಇರಲಿಲ್ಲ. ಸುತ್ತಲಿನ ಮನೆ, ಗುಡಿಗಳಂತೆಯೇ ಇಳಿಜಾರು ಮಾಡು, ಮರದ ಕಂಬ. ಮಳೆ ಒಂದೇ, ಮರ ಒಂದೇ, ಬಡಗಿಯ ವಿದ್ಯೆಯೂ ಒಂದೇ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕೆತ್ತನೆ ಇದಕ್ಕೆ ಸಾಕ್ಷಿ. ಹೀಗಿರುತ್ತಾ ಜಮಾಅತಿಗೆ ಸ್ವಲ್ಪ ಹಣ ಬಂದ ಕೂಡಲೇ ಹಲವೆಡೆ ಹಳೆಯದನ್ನು ಕೆಡಹಿ ಕಾಂಕ್ರೀಟಿನ ಗುಮ್ಮಟ ಎಬ್ಬಿಸಲಾಗಿದೆ. ಜನ ಹೆಚ್ಚಿದಾಗ ಜಾಗ ಬೇಕು, ನಿಜ. ಆದರೆ ಹಳೆಯ ಒಳಪಳ್ಳಿಯನ್ನು ಉಳಿಸಿ ಅದರ ಹೊರಗೆ ವಿಸ್ತರಿಸಲು ಆಗುವುದಿಲ್ಲವೇ?

ಮರೆವಿನ ಬೆಲೆ ಏನೆಂದು ನಾವು ಕಂಡಿದ್ದೇವೆ. 2022ರ ಏಪ್ರಿಲಿನಲ್ಲಿ ಮಂಗಳೂರು ಬಳಿಯ ಮಳಲಿಯಲ್ಲಿ ಮಸೀದಿಯ ನವೀಕರಣದ ವೇಳೆ ಕಾಣಿಸಿದ ಹಳೆಯ ರಚನೆ ದೇವಾಲಯದಂತಿದೆ ಎಂದು ವಿವಾದವೆದ್ದು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆ ಪ್ರಕರಣದ ಬಗ್ಗೆ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಕರಾವಳಿಯ ಹಳೆಯ ಮಸೀದಿಗಳು ಹೇಗಿದ್ದವು ಎಂಬುದರ ಚಿತ್ರ, ಅಳತೆ, ದಾಖಲೆ ಊರೂರಲ್ಲಿ ಇದ್ದರೆ ಇಂಥ ಸಂದರ್ಭದಲ್ಲಿ ಅನುಮಾನಕ್ಕಿಂತ ಮೊದಲು ತಿಳಿವಳಿಕೆ ಮಾತಾಡುತ್ತದೆ ಎಂದಷ್ಟೇ ನಮ್ಮ ನಂಬಿಕೆ.

ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯತು ತನ್ನ ವ್ಯಾಪ್ತಿಯ ನೂರು ವರ್ಷ ದಾಟಿದ ಮನೆ, ಗುಡಿ, ಮಸೀದಿ, ಇಗರ್ಜಿ, ಶಾಲೆ, ಕಟ್ಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಶಾಲೆಯ ಮಕ್ಕಳು ಮೊಬೈಲಿನಲ್ಲಿ ಫೋಟೋ ತೆಗೆಯಬಹುದು. ಕಟ್ಟಿದವರು ಯಾರು, ಮರ ಎಲ್ಲಿಯದು ಎಂದು ಹಿರಿಯರನ್ನು ಕೇಳಬಹುದು. ಹಂಚು ತಿರುಗಿಸುವ ಕೆಲಸ ಬಲ್ಲವರು ಇನ್ನೂ ಕೆಲವರಿದ್ದಾರೆ. ಅವರ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆಯೋಣ. ಮುಂದಿನ ಮಳೆಗಾಲದೊಳಗೆ ಒಂದು ಊರಾದರೂ ಇದನ್ನು ಶುರು ಮಾಡಲಿ.